ಎಲೆಗೊಂದು ಉತ್ತರ, ಅಡಿಕೆಗೊಂದು ಉತ್ತರ

‘ಕ್ಯಾನ್ಸರ್‌ಕಾರಕ’ ಅನ್ನೋ ಪದ ಪೇಪರಿನ ಮುಖಪುಟಕ್ಕೆ ಬಂದ ದಿನ ನಮ್ಮಲ್ಲಿ ಎರಡೇ ಪಕ್ಷ. ಒಂದು, ಮನೆಯಲ್ಲಿರುವುದನ್ನೆಲ್ಲ ಎತ್ತಿ ಕಸದ ಡಬ್ಬಿಗೆ ಸುರಿಯುವ ಪಕ್ಷ. ಇನ್ನೊಂದು, ‘ಇದೆಲ್ಲ ಹೊರದೇಶದವರ ಪಿತೂರಿ, ನಮ್ಮಜ್ಜ ಇದನ್ನೇ ತಿಂದು ತೊಂಬತ್ತು ವರ್ಷ ಬದುಕಿದ್ದರು’ ಅನ್ನುವ ಪಕ್ಷ. 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಎರಡು ಹೆಸರಾಂತ ಕಂಪನಿಗಳ ಮಸಾಲೆ ಪುಡಿಯಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಿತು ಅಂತ ಹಾಂಗ್‌ಕಾಂಗಿನವರು ಮಾರಾಟ ನಿಲ್ಲಿಸಿದರಲ್ಲ, ಸಿಂಗಪುರದವರೂ ಒಂದು ಮಸಾಲೆಯನ್ನು ವಾಪಸ್ ಕಳಿಸಿದರಲ್ಲ, ಆಗ ನಮ್ಮ ಡೊಂಬಿವಲಿಯ ಸೊಸೈಟಿ ವಾಟ್ಸಾಪ್ ಗುಂಪಿನಲ್ಲಿ ಈ ಎರಡು ಪಕ್ಷಗಳ ನಡುವೆ ಒಂದು ವಾರ ಕುರುಕ್ಷೇತ್ರ. ಮರಾಠಿ, ಗುಜರಾತಿ, ಕನ್ನಡ, ತಮಿಳು, ಎಲ್ಲ ಭಾಷೆಯಲ್ಲೂ ಜಗಳ ಒಂದೇ.

ಇಷ್ಟೆಲ್ಲ ಗಲಾಟೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಈ ಎಥಿಲೀನ್ ಆಕ್ಸೈಡ್ ಕೆಟ್ಟದ್ದು ಅಂತ ಗೊತ್ತಾಗಿದ್ದು ಹೇಗೆ? ಯಾರು ಹೇಳಿದರು? ಉತ್ತರದಲ್ಲಿ ಕಾರ್ಖಾನೆ ಕೆಲಸಗಾರರ ಆರೋಗ್ಯದ ದಾಖಲೆಗಳಿವೆ, ಇಲಿಗಳ ಮೇಲಿನ ಪ್ರಯೋಗಗಳಿವೆ. ಆದರೆ ಸಾಲಿನಲ್ಲಿ ಒಂದು ಬ್ಯಾಕ್ಟೀರಿಯಾವೂ ಇದೆ. ಗಾಜಿನ ತಟ್ಟೆಯಲ್ಲಿ ಕೂತು, ಎರಡೇ ದಿನದಲ್ಲಿ ‘ಇದು ಜೀನ್ ಕೆಡಿಸುತ್ತೆ ನೋಡಿ’ ಅಂತ ಹೇಳುವ ಬ್ಯಾಕ್ಟೀರಿಯಾ. ಅದರ ಮಾತನ್ನು ನಾವು ಒಂದೋ ದೇವರ ವಾಕ್ಯ ಮಾಡುತ್ತೇವೆ, ಇಲ್ಲಾ ‘ಬ್ಯಾಕ್ಟೀರಿಯಾ ಮಾತು ಯಾರಿಗೆ ಬೇಕು’ ಅಂತ ತಳ್ಳಿಹಾಕುತ್ತೇವೆ. ಎರಡೂ ಅನುಕೂಲಶಾಸ್ತ್ರ ಅನ್ನೋದು ನನ್ನ ತಕರಾರು.

ಮೊದಲು ಪರೀಕ್ಷೆ ಏನು ಅಂತ ನೋಡೋಣ. ಇದನ್ನು ಮಾಡಿದವರು ಬ್ರೂಸ್ ಏಮ್ಸ್, ಅಮೆರಿಕದ ವಿಜ್ಞಾನಿ. 1964ರಲ್ಲಿ ಒಂದು ಆಲೂಗಡ್ಡೆ ಚಿಪ್ಸ್ ಪ್ಯಾಕೆಟ್ಟಿನ ಹಿಂದೆ ಬರೆದಿದ್ದ ಪದಾರ್ಥಗಳ ಪಟ್ಟಿ ಓದುತ್ತಾ, ‘ಈ ರಾಸಾಯನಿಕಗಳಲ್ಲಿ ಯಾವುದಾದರೂ ಜೀನ್ ಕೆಡಿಸುತ್ತಾ ಅಂತ ಯಾರಾದರೂ ನೋಡಿದ್ದಾರಾ?’ ಅಂತ ಅನ್ನಿಸಿತಂತೆ. ಯಾರೂ ನೋಡಿರಲಿಲ್ಲ. ನೋಡುವ ಸುಲಭ ದಾರಿಯೂ ಇರಲಿಲ್ಲ. ಇಲಿಗಳಿಗೆ ತಿನ್ನಿಸಿ ಗಡ್ಡೆ ಬರುತ್ತಾ ಅಂತ ಕಾಯಬೇಕು. ಅದಕ್ಕೆ ಎರಡು ವರ್ಷದ ಮೇಲೆ ಬೇಕು, ನೂರಾರು ಪ್ರಾಣಿಗಳು ಬೇಕು, ದುಡ್ಡಂತೂ ನೀರಿನ ಹಾಗೆ ಹರಿಯಬೇಕು. ಏಮ್ಸ್ ಅಷ್ಟರಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದರು. ನಮಗೆ ಹಳಸಿದ ಆಹಾರದಿಂದ ಹೊಟ್ಟೆ ಕೆಡಿಸುವ ಬಳಗದ್ದೇ ಅದು. ಹಿಸ್ಟಿಡೀನ್ ಅನ್ನುವ ಅಮೈನೋ ಆಮ್ಲವನ್ನು ಅದು ತನ್ನೊಳಗೆ ಹೇಗೆ ತಯಾರಿಸಿಕೊಳ್ಳುತ್ತೆ ಅನ್ನೋದು ಅವರ ವಿಷಯ. ಆ ಜ್ಞಾನವನ್ನೇ ತಿರುಗಿಸಿ ಪರೀಕ್ಷೆ ಮಾಡಿಬಿಟ್ಟರು.

ಉಪಾಯ ಕೇಳಿ. ಹಳೇ ಕಾಲದ ಮುದ್ರಣಾಲಯ ನೋಡಿದ್ದೀರಾ, ಒಂದೊಂದೇ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರಲ್ಲ? ‘ಹಿಸ್ಟಿಡೀನ್ ತಯಾರಿಸುವ ವಿಧಾನ’ ಅನ್ನುವ ಪುಟದಲ್ಲಿ ಒಂದೇ ಒಂದು ಮೊಳೆ ತಪ್ಪಾಗಿ ಕೂತಿದೆ ಅಂದುಕೊಳ್ಳಿ. ಪುಟ ಅರ್ಥವಾಗೋದಿಲ್ಲ, ಬ್ಯಾಕ್ಟೀರಿಯಾಕ್ಕೆ ಹಿಸ್ಟಿಡೀನ್ ಮಾಡಿಕೊಳ್ಳಲು ಬರೋದಿಲ್ಲ, ಹೊರಗಿನಿಂದ ಕೊಡದಿದ್ದರೆ ಬೆಳೆಯೋದಿಲ್ಲ. ಇಂಥ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಹಿಸ್ಟಿಡೀನ್ ಹೆಸರಿಗಷ್ಟೇ ಇರುವ ತಟ್ಟೆಯಲ್ಲಿ ಹರಡುತ್ತಾರೆ. ಅದರ ಮೇಲೆ ಅನುಮಾನದ ರಾಸಾಯನಿಕವನ್ನು ಹಾಕುತ್ತಾರೆ. ಆ ರಾಸಾಯನಿಕಕ್ಕೆ ಮೊಳೆಗಳನ್ನು ಅಲ್ಲಾಡಿಸುವ ಕೆಟ್ಟ ಚಟ ಇದ್ದರೆ, ಕೋಟಿಯಲ್ಲಿ ಎಲ್ಲೋ ಕೆಲವುಗಳಲ್ಲಿ ಆ ತಪ್ಪು ಮೊಳೆಯೇ ಆಕಸ್ಮಿಕವಾಗಿ ಸರಿಯಾಗಿ ಕೂತುಬಿಡುತ್ತದೆ. ಅಂಥವು ಮಾತ್ರ ಬೆಳೆಯುತ್ತವೆ. ಎರಡು ದಿನ ಬಿಟ್ಟು ನೋಡಿದರೆ ತಟ್ಟೆಯ ಮೇಲೆ ಬಿಳಿ ಬಿಳಿ ಚುಕ್ಕೆಗಳು. ಎಣಿಸಿದರೆ ಆಯಿತು.

ಇಲ್ಲಿ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕೆಟ್ಟಿದ್ದು ಸರಿಯಾಯಿತಲ್ಲ, ಒಳ್ಳೆಯದೇ ಅಲ್ವಾ ಅಂತ. ಸರಿಯಾದದ್ದು ಮುಖ್ಯ ಅಲ್ಲ ಸ್ವಾಮೀ, ಅಲ್ಲಾಡಿಸುವ ಕೈಯೊಂದು ಇದೆ ಅನ್ನೋದು ಮುಖ್ಯ. ಅದೇ ಕೈ ಉಳಿದ ಸಾವಿರಾರು ಪುಟಗಳಲ್ಲಿ ಎಷ್ಟು ಮೊಳೆ ಕೀಳುತ್ತಿದೆಯೋ, ಅದು ನಮಗೆ ಕಾಣುವುದಿಲ್ಲ. ಏನೂ ಹಾಕದ ತಟ್ಟೆಯಲ್ಲೂ ಕೆಲವು ಚುಕ್ಕೆ ತಾವಾಗಿಯೇ ಏಳುತ್ತವೆ. ಹಾಗಾಗಿ ಹಾಕಿದ ತಟ್ಟೆಯನ್ನೂ ಹಾಕದ ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು ಎಣಿಸುತ್ತಾರೆ. ರಾಸಾಯನಿಕದ ಪ್ರಮಾಣ ಏರಿದಂತೆ ಚುಕ್ಕೆಯೂ ಏರುತ್ತಾ ಅಂತ ನೋಡುತ್ತಾರೆ.

ಏಮ್ಸ್ ಈ ಬ್ಯಾಕ್ಟೀರಿಯಾಗಳನ್ನು ಬೇಕಂತಲೇ ಇನ್ನಷ್ಟು ದುರ್ಬಲ ಮಾಡಿದರು. ರಾಸಾಯನಿಕ ಸಲೀಸಾಗಿ ಒಳಹೋಗಲಿ ಅಂತ ಹೊರಗೋಡೆ ಸೋರುವ ಹಾಗೆ ಮಾಡಿದರು. ಕೆಟ್ಟ ಡಿಎನ್‌ಎ ರಿಪೇರಿ ಮಾಡುವ ವ್ಯವಸ್ಥೆಯೊಂದನ್ನು ಕಿತ್ತರು. ಆದರೂ ಒಂದು ತೊಡಕು ಉಳಿಯಿತು. ಎಷ್ಟೋ ರಾಸಾಯನಿಕಗಳು ಡಬ್ಬಿಯಲ್ಲಿ ಸಾಧು, ನಮ್ಮ ಲಿವರ್ ಹೊಕ್ಕು ಬದಲಾದ ಮೇಲೆ ರಾಕ್ಷಸ. ಬ್ಯಾಕ್ಟೀರಿಯಾಕ್ಕೆ ಲಿವರ್ ಎಲ್ಲಿದೆ? ಅದಕ್ಕೆ ಇಲಿಯ ಲಿವರ್ ಅರೆದು, ಆ ರಸವನ್ನೂ ತಟ್ಟೆಗೆ ಸೇರಿಸಿದರು. ನನ್ನ ಪ್ರಕಾರ ಇಡೀ ಪರೀಕ್ಷೆಯ ಜಾಣತನ ಇರೋದು ಇಲ್ಲೇ. ಇದಿಲ್ಲದಿದ್ದರೆ ಸಿಗರೇಟಿನ ಟಾರಿನಲ್ಲಿರುವ ಎಷ್ಟೋ ವಿಷಗಳು ಸಜ್ಜನರ ಹಾಗೆ ಪಾಸಾಗಿ ಹೋಗುತ್ತಿದ್ದವು.

1973ರಲ್ಲಿ ಏಮ್ಸ್ ತಂಡ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಸಾರಾಂಶ ಇತ್ತು, ಕ್ಯಾನ್ಸರ್‌ಕಾರಕಗಳು ಮ್ಯುಟೇಶನ್ ತರುವಂಥವು ಅಂತ. 1975ರಲ್ಲಿ 300 ರಾಸಾಯನಿಕಗಳ ಪಟ್ಟಿ ಬಂತು, ಅದರಲ್ಲಿನ ಕ್ಯಾನ್ಸರ್‌ಕಾರಕಗಳಲ್ಲಿ ಸುಮಾರು ಶೇಕಡಾ 90ನ್ನು ಬ್ಯಾಕ್ಟೀರಿಯಾ ಹಿಡಿದಿತ್ತು. ಅದೇ ವರ್ಷ ತಲೆಗೂದಲ ಬಣ್ಣದ ಸರದಿ. ಅಮೆರಿಕದ ಮಾರುಕಟ್ಟೆಯಲ್ಲಿದ್ದ, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೆರೆಸಿ ಹಚ್ಚುವ 169 ಬಣ್ಣಗಳಲ್ಲಿ 150 ಬಣ್ಣಗಳಿಗೆ ಚುಕ್ಕೆ ಎದ್ದವು. ಕಂಪನಿಗಳು ಸುಮ್ಮನೆ ಕೂರಲಿಲ್ಲ, ಎಷ್ಟೋ ಪದಾರ್ಥಗಳನ್ನು ಬದಲಾಯಿಸಿದವು.

ಜಪಾನಿನಲ್ಲಿ ಇನ್ನೂ ಕೆಟ್ಟ ಕಥೆ. ಎಎಫ್-2 ಅನ್ನುವ ರಾಸಾಯನಿಕವನ್ನು 1965ರಿಂದ ತೋಫು, ಮೀನಿನ ಸಾಸೇಜ್ ಮುಂತಾದವು ಕೆಡದಿರಲಿ ಅಂತ ಬೆರೆಸುತ್ತಿದ್ದರು. ಇಡೀ ದೇಶ ದಿನಾ ತಿನ್ನುವ ಪದಾರ್ಥ. ಎಪ್ಪತ್ತರ ದಶಕದ ಶುರುವಿನಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆಗಳು ‘ಇದು ಜೋರಾಗಿ ಜೀನ್ ಕೆಡಿಸುತ್ತೆ’ ಅಂದವು. ಆಮೇಲೆ ಪ್ರಾಣಿಗಳಲ್ಲೂ ಗಡ್ಡೆ ಕಂಡಿತು. 1974ರಲ್ಲಿ ನಿಷೇಧ. ಒಂಬತ್ತು ವರ್ಷ ಊಟದಲ್ಲಿ ಬೆರೆಸಿ ಆದ ಮೇಲೆ ಪ್ರಶ್ನೆ ಕೇಳಿದ್ದು!

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಮಕ್ಕಳ ಪೈಜಾಮದ ಕಥೆ. ಅಮೆರಿಕದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಬೆಂಕಿ ಹತ್ತಬಾರದು ಅಂತ ಎಪ್ಪತ್ತರ ದಶಕದ ಆರಂಭದಲ್ಲಿ ನಿಯಮ ಬಂತು. ಉದ್ದೇಶ ಒಳ್ಳೆಯದೇ. ನಿಯಮ ಪಾಲಿಸಲು ಕಂಪನಿಗಳು ಬಟ್ಟೆಗೆ ‘ಟ್ರಿಸ್’ ಅನ್ನುವ ಬ್ರೋಮಿನ್ ರಾಸಾಯನಿಕ ಹಾಕಿದವು. 1977ರ ಜನವರಿಯಲ್ಲಿ ಆರ್ಲೀನ್ ಬ್ಲಮ್ ಮತ್ತು ಏಮ್ಸ್ ಸೇರಿ ಬರೆದರು: ಇದು ಮ್ಯುಟೇಶನ್ ತರುತ್ತೆ, ಇದನ್ನು ಬಳಸಕೂಡದು. ವಿಜ್ಞಾನಿಗಳು ಸಾಮಾನ್ಯವಾಗಿ ‘ಇನ್ನಷ್ಟು ಅಧ್ಯಯನ ಬೇಕು’ ಅಂತ ಜಾರಿಕೊಳ್ಳುತ್ತಾರೆ, ಇವರು ಜಾರಲಿಲ್ಲ. (ಈ ಬ್ಲಮ್ ಪರ್ವತಾರೋಹಿಯೂ ಹೌದು. 1978ರಲ್ಲಿ ಅನ್ನಪೂರ್ಣಾಕ್ಕೆ ಹೆಂಗಸರದ್ದೇ ತಂಡ ಕಟ್ಟಿಕೊಂಡು ಹೋದವರು. ಜಾರದೇ ಇರುವುದು ಅಭ್ಯಾಸವಾಗಿತ್ತು ಅಂತ ಕಾಣುತ್ತೆ :-) ) ಮೂರೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಟ್ರಿಸ್ ಹಾಕಿದ ಮಕ್ಕಳ ಉಡುಪು ನಿಷೇಧವಾಯಿತು. ಮರುವರ್ಷ ಅದೇ ತಂಡ ಇನ್ನೊಂದು ವಿಷಯ ತೋರಿಸಿತು. ಆ ಪೈಜಾಮ ಹಾಕಿಕೊಂಡು ಮಲಗಿದ ಮಕ್ಕಳ ಮೂತ್ರದಲ್ಲಿ ಆ ರಾಸಾಯನಿಕದಿಂದ ಹುಟ್ಟಿದ, ಜೀನ್ ಕೆಡಿಸುವ ಪದಾರ್ಥ ಸಿಕ್ಕಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾರಾಟವಾಗದೆ ಉಳಿದ ಬಟ್ಟೆ ಏನಾಯಿತು ಗೊತ್ತಾ? ಒಂದಷ್ಟು ಬೇರೆ ದೇಶಗಳಿಗೆ ಹಡಗು ಹತ್ತಿತು. ರಫ್ತಿಗೂ ತಡೆ ಬಂದಿದ್ದು 1978ರಲ್ಲಿ. ಇನ್ನು ಬ್ರೋಮಿನ್ ಟ್ರಿಸ್ ಜಾಗಕ್ಕೆ ಬಂದದ್ದು ಅದರ ತಮ್ಮ, ಕ್ಲೋರಿನ್ ಟ್ರಿಸ್. ಅದಕ್ಕೂ ಚುಕ್ಕೆ ಎದ್ದವು, ಅದನ್ನೂ ಪೈಜಾಮದಿಂದ ತೆಗೆದರು. ಆದರೆ ವರ್ಷಗಳ ನಂತರ ಅದೇ ತಮ್ಮ ಅಮೆರಿಕದ ಮನೆಗಳ ಸೋಫಾದ ಸ್ಪಂಜಿನಲ್ಲಿ ಆರಾಮಾಗಿ ಕೂತಿದ್ದ! ಮಕ್ಕಳು ಮಲಗುವ ಬಟ್ಟೆಗೆ ಬೇಡ, ಮಕ್ಕಳು ಕುಣಿಯುವ ಸೋಫಾಕ್ಕೆ ಪರವಾಗಿಲ್ಲ ಅನ್ನೋದು ಯಾವ ಲೆಕ್ಕ? ತಟ್ಟೆಯ ಮೇಲಿನ ಚುಕ್ಕೆ ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು ಅಷ್ಟೇ.

ಅಂದ ಹಾಗೆ ಏಮ್ಸ್ ಈ ಪರೀಕ್ಷೆಗೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಕೇಳಿದ ಲ್ಯಾಬುಗಳಿಗೆಲ್ಲ ತಮ್ಮ ಬ್ಯಾಕ್ಟೀರಿಯಾ ತಳಿಗಳನ್ನು ಪುಕ್ಕಟೆ ಕಳಿಸಿಕೊಟ್ಟರು. ಅದಕ್ಕೇ ಈ ಪರೀಕ್ಷೆ ಕ್ಯಾಲಿಫೋರ್ನಿಯಾದ ಸ್ವತ್ತಾಗಿ ಉಳಿಯದೆ ನಮ್ಮ ಪರೇಲ್‌ಗೂ ಬಂತು.

ಹೌದು, ಪರೇಲ್. ಟಾಟಾ ಮೆಮೋರಿಯಲ್ ಆಸ್ಪತ್ರೆ ಗೊತ್ತಿಲ್ಲದ ಮುಂಬಯಿ ಕನ್ನಡಿಗ ಇಲ್ಲ. ಊರಿಂದ ಯಾರಿಗಾದರೂ ‘ಅಂಥ ಕಾಯಿಲೆ’ ಅಂತ ಆದರೆ ದಾದರಿನಲ್ಲಿ ಇಳಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ಇಲ್ಲಿರುವ ನೆಂಟರದ್ದೇ. ಆ ಕಾರಿಡಾರಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತವರ ಸಾಲು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅದೇ ಆವರಣದಲ್ಲಿದ್ದ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ (2002ರಲ್ಲಿ ಅದು ಖಾರ್‌ಘರ್‌ಗೆ ಹೋಯಿತು) ಸುಮತಿ ಭಿಡೆಯವರ ತಂಡ ಎಂಬತ್ತರ ದಶಕದಲ್ಲಿ ಈ ಬ್ಯಾಕ್ಟೀರಿಯಾಗಳ ಮುಂದೆ ಇಟ್ಟದ್ದು ವಿದೇಶಿ ಪೈಜಾಮ ಅಲ್ಲ, ನಮ್ಮ ಎಲೆ-ಅಡಿಕೆ ತಟ್ಟೆ.

ಅವರು ತಾಂಬೂಲವನ್ನು ಬಿಡಿಸಿ ನೋಡಿದರು. ಇದು ನನಗೆ ಬಹಳ ಇಷ್ಟವಾದ ಸಂಗತಿ. ‘ಪಾನ್ ಒಳ್ಳೆಯದೋ ಕೆಟ್ಟದೋ’ ಅಂತ ಒಟ್ಟಾಗಿ ಕೇಳಿದರೆ ಜಗಳ ಮುಗಿಯೋದಿಲ್ಲ. ಎಲೆಯನ್ನು ಬೇರೆ ಕೇಳಬೇಕು, ಅಡಿಕೆಯನ್ನು ಬೇರೆ ಕೇಳಬೇಕು, ತಂಬಾಕನ್ನು ಬೇರೆ. 1983ರಲ್ಲಿ ಬಂದ ಅವರ ಲೇಖನದ ಪ್ರಕಾರ ಅಡಿಕೆಯ ಸಾರಕ್ಕೆ ಚುಕ್ಕೆ ಎದ್ದವು, ಅಡಿಕೆಯೊಳಗಿನ ಅರಿಕೋಲಿನ್ ಅನ್ನುವ ಪದಾರ್ಥಕ್ಕೂ ಎದ್ದವು. ವೀಳ್ಯದೆಲೆಯ ಸಾರಕ್ಕೆ ಏಳಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಅದೇ ತಂಡ ಎಲೆಯಲ್ಲಿ ಹೈಡ್ರಾಕ್ಸಿಚಾವಿಕಾಲ್ ಅನ್ನುವ ಪದಾರ್ಥ ಇದೆ, ಅದು ಬೇರೆ ಮ್ಯುಟೇಶನ್‌ಕಾರಕಗಳ ಕೈಯನ್ನೂ ಸ್ವಲ್ಪ ಕಟ್ಟಿಹಾಕುತ್ತೆ ಅಂತ ತೋರಿಸಿತು. ಮಶೇರಿಯನ್ನೂ ಬಿಡಲಿಲ್ಲ. ಇಲ್ಲಿ ಕೊಂಕಣದ ಕಡೆಯ ಹೆಂಗಸರು ತಂಬಾಕನ್ನು ಕಾವಲಿಯ ಮೇಲೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರಲ್ಲ, ಅದೇ. ಅದೂ ತಟ್ಟೆಯಲ್ಲಿ ಸಿಕ್ಕಿಬಿತ್ತು.

ಮೆಣಸಿನಕಾಯಿ ಮತ್ತು ಅರಿಸಿನದ ಕಥೆಯೂ ಅಲ್ಲಿಂದಲೇ ಬಂದದ್ದು. 1986ರಲ್ಲಿ ನಾಗಭೂಷಣ ಮತ್ತು ಭಿಡೆ ಬರೆದ ಲೇಖನದಲ್ಲಿ ಮೆಣಸಿನಕಾಯಿ ಸಾರ ತಟ್ಟೆಯಲ್ಲಿ ತಂಟೆ ಮಾಡಿದರೆ, ಅರಿಸಿನದ ಕರ್ಕ್ಯುಮಿನ್ ತಾನೂ ತಂಟೆ ಮಾಡಲಿಲ್ಲ, ಮೆಣಸಿನಕಾಯಿಯ ತಂಟೆಯನ್ನೂ ಕಡಿಮೆ ಮಾಡಿತು. ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು 16 ಮಂದಿ ಸಿಗರೇಟು ಸೇದುವವರಿಗೆ ದಿನಕ್ಕೆ ಒಂದೂವರೆ ಗ್ರಾಂ ಅರಿಸಿನ 30 ದಿನ ಕೊಟ್ಟು, ಅವರ ಮೂತ್ರವನ್ನು ಇದೇ ಬ್ಯಾಕ್ಟೀರಿಯಾ ಮೇಲೆ ಹಾಕಿ ನೋಡಿದರು. ಮ್ಯುಟೇಶನ್ ತರುವ ಶಕ್ತಿ ಕಮ್ಮಿಯಾಗಿತ್ತು. 1992ರಲ್ಲಿ ಪ್ರಕಟವಾಯಿತು. ಇದನ್ನೇ ಈಗ ವಾಟ್ಸಾಪಿನಲ್ಲಿ ‘ಅರಿಸಿನ ಕ್ಯಾನ್ಸರ್ ಗುಣಪಡಿಸುತ್ತದೆ’ ಅಂತ ಮಾಡಿ ಕಳಿಸುತ್ತಾರೆ. ಆ ಹದಿನಾರು ಜನ ಸಿಗರೇಟು ಬಿಟ್ಟಿದ್ದರೆ ಅರಿಸಿನದ ಅಗತ್ಯವೇ ಇರಲಿಲ್ಲ, ಅದನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ.

ಈಗ ಅಡಿಕೆಗೆ ಬರುತ್ತೇನೆ, ಬರದೆ ವಿಧಿಯಿಲ್ಲ. ನನ್ನ ತಂಗಿಯ ಮನೆ ಶಿರಸಿ ಕಡೆ, ಅಡಿಕೆ ತೋಟವೇ ಜೀವನ. ಭಾವನ ಹತ್ತಿರ ಈ ಮಾತು ತೆಗೆದರೆ ‘ಅಲ್ಲ ಭಾವ, ಬ್ಯಾಕ್ಟೀರಿಯಾ ಎಲ್ಲಾದರೂ ಕವಳ ಹಾಕುತ್ತಾ?’ ಅಂತ ಒಂದೇ ಏಟಿಗೆ ಬಾಯಿ ಮುಚ್ಚಿಸುತ್ತಾನೆ. ನಗು ಬರುತ್ತೆ, ಆದರೆ ಆ ಮಾತಿನಲ್ಲಿ ನ್ಯಾಯವೂ ಇದೆ. ಬ್ಯಾಕ್ಟೀರಿಯಾ ಕವಳ ಹಾಕುವುದಿಲ್ಲ. ಅದಕ್ಕೆ ಬಾಯಿಯಿಲ್ಲ, ಕೆನ್ನೆಯಿಲ್ಲ, ಸುಣ್ಣದ ಉರಿ ಗೊತ್ತಿಲ್ಲ. ಅಡಿಕೆ ಜಗಿಯುವವರಿಗೆ ಬರುವ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಾಗದ ಹಾಗೆ ಒಳಗೆ ಗಟ್ಟಿಯಾಗುವ ಕಾಯಿಲೆ ಇದೆಯಲ್ಲ, ಅದನ್ನು ಯಾವ ತಟ್ಟೆಯೂ ತೋರಿಸಲಾರದು. ಬರೀ ತಟ್ಟೆಯ ಚುಕ್ಕೆ ನೋಡಿ ಒಬ್ಬ ರೈತನ ಬೆಳೆಯನ್ನು ವಿಷ ಅಂತ ಕರೆದರೆ ನಾನೂ ಭಾವನ ಪಕ್ಷವೇ.

ಆದರೆ ಅಡಿಕೆಯ ವಿಷಯದಲ್ಲಿ ಬರೀ ತಟ್ಟೆ ಅಲ್ಲವಲ್ಲ. ತಟ್ಟೆ ಸುಳಿವು ಕೊಟ್ಟಿತು, ಪ್ರಾಣಿಗಳ ಪ್ರಯೋಗ ಅದೇ ದಿಕ್ಕು ತೋರಿಸಿತು, ಕೊನೆಗೆ ಜಗಿಯುವ ಮನುಷ್ಯರ ಲೆಕ್ಕ ಬಂತು. ಭಾರತ, ಪಾಕಿಸ್ತಾನ, ತೈವಾನ್ ಕಡೆಯ ಲೆಕ್ಕ. ತೈವಾನಿನಲ್ಲಿ ಕವಳಕ್ಕೆ ತಂಬಾಕು ಹಾಕುವುದಿಲ್ಲ. ಅದರಿಂದಾಗಿ ತಪ್ಪು ತಂಬಾಕಿನದ್ದೋ ಅಡಿಕೆಯದ್ದೋ ಅಂತ ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಎಲ್ಲ ಸೇರಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಒಂದನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಅನ್ನುವ ಗುಂಪು ಅದು. ಈಗ ‘ಬ್ಯಾಕ್ಟೀರಿಯಾ ಕವಳ ಹಾಕುತ್ತಾ’ ಅನ್ನುವ ಪ್ರಶ್ನೆಗೆ ಅರ್ಥ ಉಳಿದಿಲ್ಲ. ಕವಳ ಹಾಕುವವರೇ ಉತ್ತರ ಕೊಟ್ಟಾಗಿದೆ, ಪರೇಲಿನ ಕಾರಿಡಾರಿನಲ್ಲಿ ಕೂತು.

‘ಇದು ಪ್ರಕೃತಿಯದ್ದು, ರಾಸಾಯನಿಕ ಅಲ್ಲ’ ಅನ್ನೋರಿಗೂ ಒಂದು ಮಾತು. ಮಜಾ ಅಂದರೆ ಪ್ರಕೃತಿಯ ಕಡೆ ಬೆರಳು ತೋರಿಸಿದವರಲ್ಲಿ ಏಮ್ಸ್ ಅವರೇ ಮುಂದು. ಎಂಬತ್ತರ ದಶಕದಲ್ಲಿ ಅವರ ದಾಟಿ ಬದಲಾಯಿತು. 1990ರಲ್ಲಿ ಅವರೂ ಸಂಗಡಿಗರೂ ಬರೆದ ಲೇಖನದ ಲೆಕ್ಕದಲ್ಲಿ, ಅಮೆರಿಕದವರು ತಿನ್ನುವ ಕೀಟನಾಶಕಗಳಲ್ಲಿ ತೂಕದ ಪ್ರಕಾರ ಶೇಕಡಾ 99.99ರಷ್ಟು ಗಿಡಗಳು ತಮ್ಮ ರಕ್ಷಣೆಗೆ ತಾವೇ ತಯಾರಿಸಿಕೊಂಡಂಥವು. ಸಾಸಿವೆಯಲ್ಲಿದೆ, ಕಾಳುಮೆಣಸಿನಲ್ಲಿದೆ, ಕಾಫಿಯಲ್ಲಿದೆ. ಭಾರೀ ಪ್ರಮಾಣದಲ್ಲಿ ಇಲಿಗೆ ತಿನ್ನಿಸಿದರೆ ಪರೀಕ್ಷಿಸಿದ ರಾಸಾಯನಿಕಗಳಲ್ಲಿ ಸುಮಾರು ಅರ್ಧದಷ್ಟು, ನೈಸರ್ಗಿಕವಾಗಲಿ ಕೃತಕವಾಗಲಿ, ಗಡ್ಡೆ ತರುತ್ತವೆ. ಹಾಗಾಗಿ ಕಣದಷ್ಟು ಕೀಟನಾಶಕದ ಉಳಿಕೆಗೆ ಹೆದರಿ ತರಕಾರಿ ತಿನ್ನೋದು ಬಿಡಬೇಡಿ ಅಂದರು. ರಾಸಾಯನಿಕ ಕಂಪನಿಗಳಿಗೆ ಹಬ್ಬ. ಪರಿಸರದವರಿಗೆ ಏಮ್ಸ್ ದ್ರೋಹಿ. ನನಗೇನೋ ಮನುಷ್ಯ ಎರಡೂ ಸಲ ಸರಿಯಾಗೇ ಹೇಳಿದ ಅನ್ನಿಸುತ್ತೆ, ಕೇಳಿದವರು ತಮಗೆ ಬೇಕಾದ ಅರ್ಧ ಕೇಳಿಸಿಕೊಂಡರು. ಮಕ್ಕಳ ಚರ್ಮಕ್ಕೆ ರಾತ್ರಿಯಿಡೀ ಅಂಟಿಕೊಂಡ ಟ್ರಿಸ್ ಬೇರೆ, ತೊಳೆದ ಸೇಬಿನ ಮೇಲಿನ ಕಣ ಬೇರೆ. ದಿನಕ್ಕೆ ಹತ್ತು ಸಲ, ನಲವತ್ತು ವರ್ಷ, ಕೆನ್ನೆಯ ಒಂದೇ ಮೂಲೆಯಲ್ಲಿ ಇಟ್ಟುಕೊಳ್ಳುವ ಅಡಿಕೆ ಇದರಲ್ಲಿ ಯಾವುದರ ಪಕ್ಕ ಬರುತ್ತೆ ಅಂತ ನೀವೇ ನೋಡಿ. 2024ರ ಅಕ್ಟೋಬರ್‌ನಲ್ಲಿ, 95ನೇ ವಯಸ್ಸಿನಲ್ಲಿ ಏಮ್ಸ್ ತೀರಿಕೊಂಡರು. ನಮ್ಮ ಪೇಪರುಗಳಲ್ಲಿ ಎಷ್ಟು ಸಾಲು ಬಂತೋ, ನಾನಂತೂ ನೋಡಲಿಲ್ಲ.

ಬ್ಯಾಕ್ಟೀರಿಯಾ ಏನು ತಪ್ಪೇ ಮಾಡೋದಿಲ್ಲವಾ? ಬೇಕಾದಷ್ಟು ಮಾಡುತ್ತೆ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್‌ಗೆ ತಟ್ಟೆಯಲ್ಲಿ ಚುಕ್ಕೆ ಏಳುತ್ತವೆ, ಹಾಗಂತ ಈರುಳ್ಳಿ ತಿಂದವರಿಗೆ ಕ್ಯಾನ್ಸರ್ ಬರುತ್ತೆ ಅನ್ನಲು ಆಧಾರ ಇಲ್ಲ. ಉಲ್ಟಾ, ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತೆ, ಆಸ್ಬೆಸ್ಟಾಸ್ ಶ್ವಾಸಕೋಶಕ್ಕೆ ಮಾರಿ, ಈ ಎರಡಕ್ಕೂ ತಟ್ಟೆ ಮೌನ. ಮೊದಲು ಹೇಳಿದ ಆ ಶೇಕಡಾ 90 ಕೂಡ ಉಳಿಯಲಿಲ್ಲ. 1987ರಲ್ಲಿ ಅಮೆರಿಕದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಮಿನವರು 73 ರಾಸಾಯನಿಕಗಳನ್ನಿಟ್ಟು ನೋಡಿದಾಗ, ಇಲಿಗಳಲ್ಲಿ ಗಡ್ಡೆ ತಂದವುಗಳಲ್ಲಿ ಅರ್ಧದಷ್ಟನ್ನೂ ಬ್ಯಾಕ್ಟೀರಿಯಾ ಹಿಡಿದಿರಲಿಲ್ಲ. ಆದರೆ ಹಿಡಿದದ್ದರಲ್ಲಿ ಬಹುಪಾಲು ನಿಜವಾದ ಕಳ್ಳರೇ. ಅಂದರೆ ಈ ನಾಯಿ ಬೊಗಳಿದರೆ ಎದ್ದು ಹೋಗಿ ನೋಡಬೇಕು, ಬೊಗಳದಿದ್ದರೆ ಬಾಗಿಲು ತೆರೆದಿಟ್ಟು ಮಲಗಬಾರದು. ನಮ್ಮಲ್ಲಿ ನಡೆಯೋದು ಇದಕ್ಕೆ ಉಲ್ಟಾ. ಚುಕ್ಕೆ ಎದ್ದರೆ ‘ಬರೀ ಬ್ಯಾಕ್ಟೀರಿಯಾ ತಾನೇ’ ಅನ್ನುವ ಕಂಪನಿಯವರು, ಏಳದಿದ್ದರೆ ಅದೇ ಬ್ಯಾಕ್ಟೀರಿಯಾದ ಸರ್ಟಿಫಿಕೇಟನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಲು ಓಡುತ್ತಾರೆ.

ಪೇಪರಿನವರೂ ಕಮ್ಮಿ ಇಲ್ಲ. 2015ರಲ್ಲಿ ‘ಅಗರಬತ್ತಿ ಹೊಗೆ ಸಿಗರೇಟಿಗಿಂತ ಅಪಾಯ’ ಅಂತ ದೇಶವೆಲ್ಲ ಸುದ್ದಿಯಾಯಿತು, ನೆನಪಿದೆಯಾ? ಮೈಸೂರಿನ ಬತ್ತಿ ಇಲ್ಲದ ದೇವರ ಕೋಣೆ ಇಲ್ಲಿನ ಕನ್ನಡಿಗರ ಮನೆಯಲ್ಲಿ ಸಿಗೋದು ಕಷ್ಟ, ಎಲ್ಲರಿಗೂ ಗಾಬರಿ. ಅದು ಚೀನಾದ ಒಂದು ಅಧ್ಯಯನ. ನಾಲ್ಕು ಬಗೆಯ ಅಗರಬತ್ತಿ, ಹೋಲಿಕೆಗೆ ಒಂದೇ ಒಂದು ಬಗೆಯ ಸಿಗರೇಟು, ಅವುಗಳ ಹೊಗೆಯನ್ನು ಬ್ಯಾಕ್ಟೀರಿಯಾ ಮತ್ತು ಪ್ರಾಣಿಕೋಶಗಳ ಮೇಲೆ ಹಾಕಿ ನೋಡಿದ್ದು. ಅಧ್ಯಯನದಲ್ಲಿ ಪಾಲ್ಗೊಂಡವರಲ್ಲಿ ಅಲ್ಲಿನ ತಂಬಾಕು ಕಂಪನಿಯೂ ಇತ್ತು! ಮುಚ್ಚಿದ ಕೋಣೆಯಲ್ಲಿ ಯಾವ ಹೊಗೆಯೂ ಒಳ್ಳೆಯದಲ್ಲ, ಕಿಟಕಿ ತೆಗೆಯಿರಿ, ಅದು ಬೇರೆ ಮಾತು. ಆದರೆ ಸಿಗರೇಟು ಮಾರುವವರು ತಟ್ಟೆ ಎಣಿಸಿ ಅಗರಬತ್ತಿ ಕೆಟ್ಟದ್ದು ಅಂದದ್ದನ್ನು ಹಾಗೇ ನುಂಗಿದೆವಲ್ಲ, ಅದಕ್ಕೇನು ಹೇಳೋಣ.

ನನ್ನ ವಯಸ್ಸಿನವರಿಗೆಲ್ಲ ತಾಗುವ ಇನ್ನೊಂದು ಉದಾಹರಣೆ ಇದೆ, ಬಿಪಿ ಮಾತ್ರೆ. 2018ರಲ್ಲಿ ವಾಲ್ಸಾರ್ಟಾನ್ ಅನ್ನುವ ಮಾತ್ರೆಯಲ್ಲಿ ಎನ್‌ಡಿಎಂಎ ಅನ್ನುವ ಕಲ್ಮಶ ಸಿಕ್ಕಿತು. ಮಾತ್ರೆ ತಯಾರಿಸುವ ವಿಧಾನ ಬದಲಾಯಿಸಿದಾಗ ಸದ್ದಿಲ್ಲದೆ ಹುಟ್ಟಿಕೊಂಡ ಕಲ್ಮಶ. 2019ರಲ್ಲಿ ಹೊಟ್ಟೆಯುರಿಯ ರಾನಿಟಿಡಿನ್‌ನಲ್ಲೂ ಸಿಕ್ಕಿ, ಎಷ್ಟೋ ದೇಶಗಳಲ್ಲಿ ಆ ಮಾತ್ರೆಯೇ ಮಾರುಕಟ್ಟೆಯಿಂದ ಹೋಯಿತು. ಇದರಲ್ಲಿ ಪಾಠ ಕಲಿತದ್ದು ಪರೀಕ್ಷೆ ಮಾಡುವವರು. ಈ ಜಾತಿಯ ನೈಟ್ರೋಸಮೀನ್‌ಗಳನ್ನು ಮಾಮೂಲಿ ವಿಧಾನ ಸರಿಯಾಗಿ ಹಿಡಿಯದೆ ಹೋಗಬಹುದು. ಅದಕ್ಕೇ 2023ರ ಹೊತ್ತಿಗೆ ಯುರೋಪ್, ಅಮೆರಿಕದ ಔಷಧ ನಿಯಂತ್ರಕರು ಹ್ಯಾಮ್‌ಸ್ಟರ್ ಅನ್ನುವ ಇಲಿ ಬಳಗದ ಪ್ರಾಣಿಯ ಲಿವರ್ ರಸವನ್ನೂ ಹೆಚ್ಚು ಪ್ರಮಾಣದಲ್ಲಿ ಹಾಕಿ ಪರೀಕ್ಷಿಸಿ ಅಂತ ಹೇಳಿದರು. ಐವತ್ತು ವರ್ಷದ ಹಳೇ ಪರೀಕ್ಷೆ, ಇನ್ನೂ ರಿಪೇರಿ ನಡೆಯುತ್ತಲೇ ಇದೆ.

ಹಾಗಾದರೆ ನಾನು ಕೇಳುತ್ತಿರೋದಾದರೂ ಏನು? ಬಹಳ ಸಣ್ಣದು. ನಮ್ಮಲ್ಲಿ ಹೊಸ ಔಷಧಿಗೆ, ಕೀಟನಾಶಕಕ್ಕೆ ಅನುಮತಿ ಕೇಳುವಾಗ ಈ ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶ ಕೊಡಬೇಕು ಅಂತ ನಿಯಮ ಇದ್ದೇ ಇದೆ. ಪರೀಕ್ಷೆ ನಡೆಯುತ್ತೆ, ಫಲಿತಾಂಶ ಫೈಲಿಗೆ ಹೋಗುತ್ತೆ, ಫೈಲು ಕಪಾಟಿಗೆ. ಅದನ್ನು ಜನರಿಗೆ ತೋರಿಸಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಂದೊಂದು ಬಣ್ಣದ ಮೇಲೂ ಪುಟಗಟ್ಟಲೆ ಅಭಿಪ್ರಾಯ ಬರೆದು ಅಂತರ್ಜಾಲದಲ್ಲಿ ಹಾಕುತ್ತೆ: ಬ್ಯಾಕ್ಟೀರಿಯಾ ಏನಂದಿತು, ಇಲಿ ಏನಂದಿತು, ಯಾವುದು ಗೊತ್ತಿಲ್ಲ, ಎಲ್ಲ. ನಮ್ಮಲ್ಲಿ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಮಾಡಿತು. ಒಳ್ಳೆಯ ಕೆಲಸ. ಆದರೆ ಪೇಪರಿನಲ್ಲಿ ಬಂದದ್ದು ‘ಕ್ಯಾನ್ಸರ್ ಬಣ್ಣ’ ಅಂತ ಮಾತ್ರ. ಅದರಲ್ಲಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೋ ಇಲ್ಲವೋ ನಿರ್ಧರಿಸಲು ಸಾಕ್ಷಿ ಸಾಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದೆ. ಸಾಕ್ಷಿ ಸಾಲದು ಅಂತ ಮಕ್ಕಳ ಹೊಟ್ಟೆಗೆ ಬಟ್ಟೆ ಬಣ್ಣ ಹಾಕೋದಾ? ಖಂಡಿತ ಇಲ್ಲ, ಆಹಾರಕ್ಕೆ ಅನುಮತಿಯೇ ಇಲ್ಲದ ಬಣ್ಣ ಅದು, ಅಷ್ಟು ಕಾರಣ ಸಾಕು. ನಿಜವಾದ ಕಾರಣವನ್ನೇ ಹೇಳಬಹುದಿತ್ತು. ಎಲ್ಲದಕ್ಕೂ ಕ್ಯಾನ್ಸರ್ ಅಂತ ಕೂಗಿದರೆ, ಅಡಿಕೆಯಂಥ ಖಚಿತ ಪ್ರಕರಣದಲ್ಲಿ ಕೂಗಿದಾಗ ಯಾರೂ ತಿರುಗಿ ನೋಡೋದಿಲ್ಲ. ನಮ್ಮ ಭಾವನ ಹಾಗೆ.

ಅವನ ಮೇಲೆ ನನಗೆ ಸಿಟ್ಟಿಲ್ಲ. ರಾಶಿ, ಬೆಟ್ಟೆ, ಚಾಲಿ ಅಂತ ಬೇರೆ ಬೇರೆ ಗುಡ್ಡೆ ಹಾಕಿ ಮಂಡಿಗೆ ಕಳಿಸುವ ಆ ಕೈಗಳು ಯಾರಿಗೂ ಕೇಡು ಬಯಸಿದವಲ್ಲ. ಸಿಟ್ಟಿರೋದು, ಈ ಉತ್ತರ ನಲವತ್ತು ವರ್ಷದ ಹಿಂದೆಯೇ ಗೊತ್ತಿದ್ದೂ ಅವನಿಗೆ ಒಂದು ದಾರಿ ತೋರಿಸದೆ, ಪ್ರತಿ ಚುನಾವಣೆಯಲ್ಲೂ ‘ಅಡಿಕೆಗೆ ಏನೂ ಆಗಲು ಬಿಡೋದಿಲ್ಲ’ ಅಂತ ಮಾತು ಕೊಟ್ಟು ಹೋಗುವವರ ಮೇಲೆ. 2012ರಲ್ಲಿ ಮಹಾರಾಷ್ಟ್ರ, 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದವು. ಪೊಟ್ಟಣ ಎರಡಾಗಿ, ಒಂದರಲ್ಲಿ ಅಡಿಕೆ ಪುಡಿ, ಇನ್ನೊಂದರಲ್ಲಿ ತಂಬಾಕು ಅಂತ ಮಾರುವುದು ಶುರುವಾಯಿತು. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಯಾವತ್ತು ಬೇಕಾದರೂ ನೋಡಬಹುದು. ಈಚೆಗೆ ಮಲೆನಾಡು ದಾಟಿ ದಾವಣಗೆರೆ, ಚಿತ್ರದುರ್ಗದ ಬಯಲಿನಲ್ಲೂ ಬೋರ್‌ವೆಲ್ ನೀರು ಹಾಕಿ ಅಡಿಕೆ ನೆಡುತ್ತಿದ್ದಾರೆ. ಇವತ್ತು ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು, ಆಮೇಲೆ ಮರ ಹತ್ತಾರು ವರ್ಷ ನಿಂತಿರುತ್ತದೆ. ತಂಗಿಯ ಮಗನೂ ಈ ಸಲ ಹೊಸದಾಗಿ ಒಂದು ಎಕರೆ ಹಾಕುತ್ತೇನೆ ಅಂತ ಫೋನಿನಲ್ಲಿ ಹೇಳುತ್ತಿದ್ದ. ಅದರ ನಡುವೆ ಕಾಳುಮೆಣಸು, ಏಲಕ್ಕಿ ಎಷ್ಟು ಹಾಕಬಹುದು ಅಂತ ಲೆಕ್ಕ ಕಳಿಸು ಅಂದಿದ್ದೇನೆ, ಜೊತೆಗೆ ವೀಳ್ಯದೆಲೆ ಬಳ್ಳಿ ಕೂಡ.